ಉಳಿಸಿದ ಸೆಕೆಂಡುಗಳು

ಮೌಸ್ ಹಿಡಿಯುವವರನ್ನು ಕಂಡರೆ ಓಸ್ಮೋನಿಗೆ ಆಗುತ್ತಿರಲಿಲ್ಲ. ತಾಂಪೆರೆ ನಗರದ ದೂರವಾಣಿ ಕಚೇರಿಯಲ್ಲಿ ಮೂವತ್ತು ವರ್ಷ ಕೀಲಿಮಣೆ ಕುಟ್ಟಿ ನಿವೃತ್ತನಾದವನು, ಮನೆಯ ಮೌಸನ್ನು ಉಣ್ಣೆಯ ಕಾಲುಚೀಲಗಳ ಡ್ರಾಯರಿಗೆ ಗಡೀಪಾರು ಮಾಡಿದ್ದ. ಕಂಪ್ಯೂಟರಿನಲ್ಲಿ ಅವನ ಸಂಚಾರವೆಲ್ಲ ಕೀಲಿಗಳಿಂದ, ಕಪ್ಪು ಪರದೆಯ ಮೇಲೆ ಟೈಪು ಮಾಡಿದ ಆಜ್ಞೆಗಳಿಂದ. (ಆ ಮನೆಯಲ್ಲಿ ಅವನ ಆಜ್ಞೆ ಕೇಳುತ್ತಿದ್ದುದು ಕಂಪ್ಯೂಟರ್ ಒಂದೇ.)

"ಮೌಸ್‌ಗೆ ಕೈ ಚಾಚಿದ್ರೆ ಪ್ರತಿಸಲ ಎರಡು ಸೆಕೆಂಡು ದಂಡ," ಎನ್ನುತ್ತಿದ್ದ.

"ಉಳಿಸಿದ್ದನ್ನೆಲ್ಲ ಎಲ್ಲಿಟ್ಟಿದೀಯ? ನಾನಂತೂ ಒಂದು ಸೆಕೆಂಡೂ ಕಂಡಿಲ್ಲ," ಎನ್ನುತ್ತಿದ್ದಳು ಹೆಂಡತಿ ಹೆಲ್ವಿ.

ಐದಂತಸ್ತಿನ ಆ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಸೌನಾ ಒಂದೇ. ಹಬೆಯಲ್ಲಿ ಕೂತು ಬೆವರಲು ಒಂದೊಂದು ಮನೆಗೆ ವಾರಕ್ಕೊಂದು ಗಂಟೆ ಸರದಿ. ಶನಿವಾರ ಸಂಜೆ ಆರರ ಸರದಿಯೆಂದರೆ ಸಿಂಹಾಸನವೇ. ಇಪ್ಪತ್ತೆರಡು ವರ್ಷದಿಂದ ಅದು ಈ ದಂಪತಿಗಳದು. ಅದಕ್ಕಾಗಿ ಕಾಯುವವರಲ್ಲಿ ಮೊದಲಿಗಳು ಮೇಲಂತಸ್ತಿನ ಸಿರ್ಕಾ. ಒಂಬತ್ತು ವರ್ಷದಿಂದ ತಾಳ್ಮೆಯಿಂದ ಕಾಯುತ್ತಿದ್ದಳು. ಪ್ರತಿವರ್ಷ ಸೆಪ್ಟೆಂಬರಿನ ಮೊದಲ ಸೋಮವಾರ ನಿವಾಸಿಗಳ ಸಂಘದ ಜಾಲತಾಣದಲ್ಲಿ ಸರದಿಯನ್ನು ಮುಂದುವರಿಸಬೇಕು. ಬಿಟ್ಟರೆ ಹೋಯಿತು, ಮರಳಿ ಬಾರದು.

ಆ ಸೋಮವಾರ ಹೆಲ್ವಿ ಕಾಫಿ ಹಿಡಿದು ಗಂಡನ ಹಿಂದೆ ನಿಂತಳು. "ಆ ಪುಟದಲ್ಲಿ 'ಮುಂದುವರಿಸಿ' ಅಂತ ದೊಡ್ಡ ಹಸಿರು ಗುಂಡಿ ಇದೆ. ಮೌಸ್ ತರ್ಲಾ?"

"ಗುಂಡಿ ಒತ್ತೋದು ಲಿಫ್ಟಿನಲ್ಲಿ."

ಸರದಿಗಳ ನಿರ್ವಹಣೆಗೆಂದು ಅವನು ಸ್ವತಃ ಒಂದು ಪ್ರೋಗ್ರಾಮು ಬರೆದಿದ್ದ. ಮೂರು ಪದದ ಆಜ್ಞೆ ಸಾಕು. ಜೂನ್‌ನಲ್ಲಿ ತಮಗೆ ಬೇಡವಾಗಿದ್ದ ಬಟ್ಟೆ ಒಗೆಯುವ ಕೋಣೆಯ ಸರದಿಯನ್ನು ಅದರಿಂದಲೇ ಬಿಟ್ಟುಕೊಟ್ಟಿದ್ದ. ಈಗ ಮೇಲ್ಬಾಣದ ಕೀಲಿ ಒತ್ತಿದ. ಆಗ ಕೊಟ್ಟಿದ್ದ ಆಜ್ಞೆಯ ಸಾಲು ತಾನಾಗಿ ಬಂದು ನಿಂತಿತು: ಬಿಟ್ಟುಕೊಡು ಒಗೆಕೋಣೆ ಮಂಗಳವಾರ.

"ನೋಡು, ಪೂರ್ತಿ ಟೈಪ್ ಮಾಡೋದೂ ಬೇಡ," ಎಂದು ಒಗೆಕೋಣೆಯನ್ನು ಅಳಿಸಿ ಸೌನಾ ಎಂದು ಬರೆದ. ಮಂಗಳವಾರವನ್ನು ಶನಿವಾರ ಮಾಡಿದ.

"ಒಂದ್ಸಲ ಓದಿ ಒತ್ತು, ಮಾರಾಯ."

"ಓದೋಕೆ ಮೂರು ಸೆಕೆಂಡು ಬೇಕು," ಎಂದು ಎಂಟರ್ ಒತ್ತಿದ.

'ಧನ್ಯವಾದ. ಶನಿವಾರದ ಸೌನಾ ಸರದಿಯನ್ನು ಬಿಟ್ಟುಕೊಟ್ಟಿದ್ದೀರಿ,' ಎಂದಿತು ಪರದೆ.

ಎರಡು ಪದ ಬದಲಾಗಿದ್ದವು. ಮೊದಲನೆಯದಾದ 'ಬಿಟ್ಟುಕೊಡು' ಇದ್ದಂತೆಯೇ ಇತ್ತು. 'ಖಚಿತವೇ?' ಎಂದು ಕೇಳುವ ಸಾಲನ್ನು, ಕಾಲಹರಣವೆಂದು, ಅವನೇ ಕಿತ್ತುಹಾಕಿದ್ದ.

"ಮಾಡಿದ್ದನ್ನ ವಾಪಸ್ ತಗೊಳ್ಳೋ ಕೀಲಿ ಒಂದಿದೆ ಅಂತಿದ್ಯಲ್ಲ?" ಎಂದಳು ಹೆಲ್ವಿ, ಶಾಂತವಾಗಿ.

"ಅದು ಇಲ್ಲಿ ನಡೆಯಲ್ಲ."

"ಬೇಕಾದ ಕಡೆ ಯಾವುದು ನಡೆದಿದೆ ನಿಂದು?"

ಹತ್ತು ನಿಮಿಷದಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಸಿರ್ಕಾ. ಕೈಯಲ್ಲಿ ಏಲಕ್ಕಿ ಬನ್ನು, ಕಣ್ಣಲ್ಲಿ ನೀರು.

"ಸರದಿ ಖಾಲಿಯಾಯ್ತು ಅಂತ ಫೋನಿಗೆ ಸುದ್ದಿ ಬಂತು, ಒಂದು ಬೆರಳು ಒತ್ತಿದೆ, ಸಿಕ್ಕೇಬಿಡ್ತು. ಇಂಥ ದೊಡ್ಡ ಮನಸ್ಸು ನಿಂಗಿದೆ ಅಂತ ಗೊತ್ತಿರ್ಲಿಲ್ಲ, ಓಸ್ಮೋ."

ತಪ್ಪಾಯಿತೆನ್ನಲು ಓಸ್ಮೋ ಬಾಯಿ ತೆರೆದ. ಮೂವತ್ತು ವರ್ಷ ಕೀಲಿಮಣೆ ಕುಟ್ಟಿದ ಹೆಮ್ಮೆ ಅಡ್ಡ ಬಂತು. "ನೆರೆಹೊರೆ ಅಂದ್ಮೇಲೆ ಇಷ್ಟೂ ಮಾಡದಿದ್ರೆ ಹೇಗೆ," ಎಂದ.

"ನಂಗೂ ಗೊತ್ತಿರ್ಲಿಲ್ಲ," ಎಂದಳು ಹೆಲ್ವಿ.

"ಹೆಲ್ವಿ, ಶನಿವಾರ ನೀನೂ ಬಾ. ಹೆಂಗಸರಿಬ್ಬರೇ," ಎಂದಳು ಸಿರ್ಕಾ.

ಶನಿವಾರ ಆರಕ್ಕೆ ಐದು ನಿಮಿಷವಿರುವಾಗ ಹೆಲ್ವಿ ಟವೆಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಓಸ್ಮೋ ಸರದಿಪಟ್ಟಿ ನೋಡುತ್ತಿದ್ದ. ಕಾಯುವವರಲ್ಲಿ ಅವರದು ಹದಿನಾಲ್ಕನೆಯ ಹೆಸರು.

"ನಾನೊಬ್ಬನೇ ಇಲ್ಲಿ ಏನು ಮಾಡ್ಲಿ?"

"ಅಷ್ಟು ವರ್ಷ ಸೆಕೆಂಡು ಉಳಿಸಿದೀಯಲ್ಲ," ಎಂದು ಹೆಲ್ವಿ ಬಾಗಿಲೆಳೆದುಕೊಂಡಳು. "ಕೂತು ಖರ್ಚು ಮಾಡು."