ಎರಡೂವರೆ ಪರ್ಸೆಂಟಿನ ಅಮಲು

ಗಂಡನ ನಾಲಿಗೆಯ ಕೊಬ್ಬು ಇಳಿಸದಿದ್ದರೆ ತನ್ನ ಹೆಸರು ಮಾರ್ಲೀನ್ ಬೂಶಾರೇ ಅಲ್ಲ ಎಂದು ಆಕೆ ಶಪಥ ಮಾಡಿ ಇಂದಿಗೆ ಸರಿಯಾಗಿ ಒಂದು ತಿಂಗಳು. ಕರೆಂಟು ಕಂಪನಿಯಲ್ಲಿ ಕಂಬ ಹತ್ತಿ ಇಳಿದು ನಿವೃತ್ತನಾದ ರೋಲಂಡ್, ಆಮೇಲೆ ಹತ್ತಿದ್ದು ಬಿಯರ್ ಪಾಂಡಿತ್ಯದ ಶಿಖರ. ಅಲ್ಲಿಂದ ಇಳಿಯುವ ಲಕ್ಷಣವೇ ಇರಲಿಲ್ಲ. ಮನೆಯ ನೆಲಮಾಳಿಗೆಯ ತುಂಬ ಅವನ ಪೀಪಾಯಿ, ಪೈಪು, ಬುರುಗು. ಇಡೀ ವರ್ಮಾಂಟ್ ರಾಜ್ಯದಲ್ಲಿ ಬ್ರೆಡ್ಡಿನ ಹಿಟ್ಟು ಹದವಾಗಿ ಹುಳಿ ಬರಲು ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ ಎಂಬುದು ಮಾರ್ಲೀನಳ ಅಭಿಪ್ರಾಯ. (ಇಡೀ ವರ್ಮಾಂಟನ್ನು ಆಕೆ ನೋಡಿಲ್ಲ. ಆದರೆ ಅಭಿಪ್ರಾಯಕ್ಕೆ ಅದೆಲ್ಲ ಬೇಕೇ?)

ಪಂದ್ಯ ಬಿದ್ದದ್ದು ಪಕ್ಕದ ಮನೆಯ ಕ್ಲೇಟನ್ ಮತ್ತು ಅವನ ಹೆಂಡತಿ ಡಾಟಿಯ ಎದುರಿಗೆ.

"ಕಡಿಮೆ ಮದ್ಯದ ಬಿಯರಂತೆ! ಪಾತ್ರೆ ತೊಳೆದ ನೀರು ಕಣೇ ಅದು," ಎಂದಿದ್ದ ರೋಲಂಡ್. "ಹೇಳದೆ ಕೇಳದೆ ಕೊಟ್ಟು ನೋಡು. ಒಂದು ಗುಟುಕಿಗೆ ಕಂಡುಹಿಡೀತೀನಿ."

"ಹಿಡೀದಿದ್ರೆ?"

"ನೆಲಮಾಳಿಗೆ ನಿಂದು. ಆದ್ರೆ ಒಂದು ತಿಂಗಳೊಳಗೆ ಗೆಲ್ಲಬೇಕು. ಆಗದಿದ್ರೆ ಸಾಯೋತನಕ ಆ ಜಾಗದ ಸುದ್ದಿ ಎತ್ತಬಾರದು."

ಮಾರ್ಲೀನ್ ಅವಸರಪಡಲಿಲ್ಲ. ಪಂದ್ಯದ ಮಾತು ಅವನ ತಲೆಯಿಂದ ಪೂರ್ತಿ ಹಾರಿಹೋಗಲಿ ಎಂದು ಕಾದಳು. ಕೊನೆಯ ದಿನ ಶನಿವಾರ ಬಿತ್ತು. ಹಿಂದಿನ ದಿನವೇ ಪಕ್ಕದೂರಿನ ಬಿಯರ್ ಕಾರ್ಖಾನೆಗೆ ಹೋಗಿ, ದೊಡ್ಡ ಕಂದು ಜಗ್ಗಿನ ತುಂಬ ಪೇಲ್ ಏಲ್ ಎಂಬ ಮಬ್ಬು ಬಿಯರ್ ಹಿಡಿಸಿಕೊಂಡು ಬಂದಳು. ಅಲ್ಲಿಯ ಹುಡುಗಿ ಜಗ್ಗಿನ ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಮದ್ಯದ ಪರ್ಸೆಂಟು 2.5 ಎಂದಿತ್ತು. ಮಾರ್ಲೀನ್ ಕಾರಿನಲ್ಲಿ ಕೂತು, ಪೆನ್ನು ತೆಗೆದು, ಎರಡಕ್ಕೆ ಒಂದು ಸುತ್ತು ಕೂಡಿಸಿ ಎಂಟು ಮಾಡಿದಳು. ಬಿಯರ್ ಪಂಡಿತರು ಮೊದಲು ಚೀಟಿ ಓದುತ್ತಾರೆ, ಆಮೇಲೆ ಗ್ಲಾಸು ಎತ್ತುತ್ತಾರೆ ಎಂಬುದನ್ನು ಆಕೆ ಇಷ್ಟು ವರ್ಷದ ಸಂಸಾರದಲ್ಲಿ ಕಂಡುಕೊಂಡಿದ್ದಳು.

ಶನಿವಾರ ಮಧ್ಯಾಹ್ನ ಹಿತ್ತಿಲ ಕಟ್ಟೆಯ ಮೇಲೆ ನಾಲ್ವರೂ ಸೇರಿದರು. ಮಾರ್ಲೀನಳ ಬ್ರೆಡ್ಡು, ಚೆಡ್ಡಾರ್ ಚೀಸು, ಡಾಟಿ ತಂದ ಸೌತೆಕಾಯಿ ಉಪ್ಪಿನಕಾಯಿ ಮೇಜಿನ ಮೇಲಿದ್ದವು. ರೋಲಂಡ್ ಚೀಟಿ ನೋಡಿದ. ಹುಬ್ಬು ಮೇಲೇರಿತು.

"ಎಂಟೂವರೆ! ಕ್ಲೇಟನ್, ಹುಷಾರಪ್ಪ, ಇದು ಮಕ್ಕಳಾಟ ಅಲ್ಲ."

ಗ್ಲಾಸನ್ನು ಬಿಸಿಲಿಗೆ ಹಿಡಿದ. ಕಿತ್ತಳೆ ರಸದಂತೆ ಮಬ್ಬು ಮಬ್ಬಾದ ಹಳದಿ. ಮೂಗು ಒಳಗಿಟ್ಟ. ಗುಟುಕರಿಸಿದ. ಬಾಯೊಳಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆರವಣಿಗೆ ಹೊರಡಿಸಿದ. "ಮೊದಲು ಮಾವಿನಹಣ್ಣು... ಆಮೇಲೆ ಕಿತ್ತಳೆ ಸಿಪ್ಪೆಯ ಕಹಿ... ಆಹಾ, ಈಗ ಬಂತು ನೋಡು, ಎದೆಗೆ ಒದೀತು! ಇದಪ್ಪಾ ಗಂಡಸು ಬಿಯರ್!"

ಮಾರ್ಲೀನಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಗಲೇ ಗುಟ್ಟು ಒಡೆದಿದ್ದರೆ ನೆಲಮಾಳಿಗೆ ಅವಳದಾಗಿ, ಈ ಕತೆಯೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆಸೆ ಯಾರನ್ನು ಬಿಟ್ಟಿದೆ? ಇನ್ನೊಂದು ಗ್ಲಾಸು ಕುಡಿದು ಕುಣಿಯಲಿ, ಆಮೇಲೆ ಹೇಳೋಣ ಎಂದುಕೊಂಡಳು.

ಎರಡನೆಯ ಗ್ಲಾಸಿಗೆ ರೋಲಂಡನ ಕಿವಿ ಕೆಂಪಾದವು, ಟೋಪಿ ಹಿಂದುಮುಂದಾಯಿತು. ಮೂರನೆಯದಕ್ಕೆ ಅವನು ಕ್ಲೇಟನ್‌ನ ಕೊರಳಿಗೆ ಜೋತುಬಿದ್ದು, ನೀನು ನನ್ನ ಒಡಹುಟ್ಟಿದವನಿಗಿಂತ ಹೆಚ್ಚು ಕಣೋ ಎಂದ. (ಒಡಹುಟ್ಟಿದವನ ಜೊತೆ ಅವನಿಗೆ ಹನ್ನೆರಡು ವರ್ಷದಿಂದ ಮಾತಿಲ್ಲ.)

"ಸಾಕು ನಿಲ್ಸೋ ಮಾರಾಯ, ಕೊರಳು ಬಿಡು," ಎಂದ ಕ್ಲೇಟನ್. "ನನಗ್ಯಾಕೋ ಇನ್ನೂ ಏರೇ ಇಲ್ಲ."

"ನಿನ್ನದು ದಪ್ಪ ಚರ್ಮ!" ಎಂದ ರೋಲಂಡ್. ಅಷ್ಟರಲ್ಲಿ ಅವನ ಕಣ್ಣು ಬ್ರೆಡ್ಡಿನ ಮೇಲೆ ಬಿತ್ತು. ಇದ್ದಕ್ಕಿದ್ದಂತೆ ಗೊಳೋ ಎಂದು ಅಳಲು ಶುರುಮಾಡಿದ.

"ಮಾರ್ಲೀನ್, ನಾನು ಪಾಪಿ ಕಣೇ. ನಿಮ್ಮಜ್ಜಿಯನ್ನ ನಾನೇ ಕೊಂದೆ!"

ಅಜ್ಜಿ ಸತ್ತು ಮೂವತ್ತು ವರ್ಷವಾಗಿತ್ತು, ಅದೂ ನಿದ್ದೆಯಲ್ಲಿ. ಅವನು ಹೇಳುತ್ತಿದ್ದದ್ದು ಅಜ್ಜಿಯ ಹೆಪ್ಪಿನ ವಿಷಯ. ಕೆನಡಾದ ಕ್ಯೂಬೆಕ್‌ನಿಂದ ಅಜ್ಜಿ ಮಡಿಲಲ್ಲಿಟ್ಟುಕೊಂಡು ತಂದ, ತೊಂಬತ್ತು ವರ್ಷದಿಂದ ದಿನಾ ಹಿಟ್ಟು ನೀರು ಉಣ್ಣಿಸಿ ಉಳಿಸಿಕೊಂಡ, ಬ್ರೆಡ್ಡು ಉಬ್ಬಿಸುವ ಹುಳಿ ಹೆಪ್ಪು. ಆ ಹೆಪ್ಪಿನ ಬ್ರೆಡ್ಡಿಗೆ ಕೌಂಟಿ ಪ್ರದರ್ಶನದಲ್ಲಿ ಕಳೆದ ಮೂರು ವರ್ಷ ಸತತ ಮೊದಲ ಬಹುಮಾನದ ನೀಲಿ ರಿಬ್ಬನ್ನು ಬಂದಿತ್ತು. ತುತ್ತು ತುತ್ತಿಗೂ ಅಜ್ಜಿಯ ಕೈಗುಣ ನಾಲಿಗೆಗೆ ಹತ್ತುತ್ತದೆ ಎಂದು ಮಾರ್ಲೀನ್ ಕಂಡಕಂಡವರಿಗೆ ಹೇಳಿದ್ದಳು, ಚರ್ಚಿನ ಹೆಂಗಸರಿಗೆಲ್ಲ ಪುಟ್ಟ ಪುಟ್ಟ ಸೀಸೆಗಳಲ್ಲಿ ಪ್ರಸಾದದ ಹಾಗೆ ಹಂಚಿದ್ದಳು.

"ನಾಲ್ಕು ವರ್ಷದ ಹಿಂದೆ ನೀನು ತಂಗಿ ಮನೆಗೆ ಹೋದ್ಯಲ್ಲ," ರೋಲಂಡ್ ಮೂಗು ಸೀಟಿದ. "ಫೆಬ್ರವರಿ ಚಳಿ. ಅಜ್ಜಿಗೆ ಥಂಡಿ ಆದೀತು ಅಂತ ಸೀಸೆ ತಗೊಂಡು ಸೌದೆ ಒಲೆ ಮೇಲಿಟ್ಟೆ. ಬೆಳಿಗ್ಗೆ ನೋಡಿದ್ರೆ ಇಟ್ಟಿಗೆ! ನಿನ್ನ ಭಯಕ್ಕೆ ನನ್ನ ಪೀಪಾಯಿ ತಳದ ಗಸಿ ತೆಗೆದು, ಹಿಟ್ಟು ಕಲಸಿ ತುಂಬಿಸಿಟ್ಟೆ. ನೀನು ಬಂದು ಮೂಸಿ ನೋಡಿ, 'ಅಜ್ಜಿ ಚೆನ್ನಾಗಿದ್ದಾಳೆ' ಅಂದೆ."

ಮೂರು ರಿಬ್ಬನ್ನು ಗೆದ್ದದ್ದು ಬಿಯರಿನ ಗಸಿ! ಅಜ್ಜಿಯ ಕೈಗುಣವೆಂದು ನಾಲ್ಕು ವರ್ಷ ಚಪ್ಪರಿಸಿದ್ದು ಈ ಮನುಷ್ಯನ ಪೀಪಾಯಿಯ ಕೊಳೆ! ಮಾರ್ಲೀನಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎದ್ದು ನಿಂತು, "ಏನ್ರೀ, ನೀವು ಕುಡಿದದ್ದು..." ಎಂದು ಬಾಯಿ ತೆರೆದಳು.

ಅಷ್ಟರಲ್ಲಿ ಡಾಟಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯಯ್ಯೋ, ನಿಜಾನೇನೇ ಇದು? ನಾನು ಪಾದ್ರಿಗಳ ಹೆಂಡತಿಗೂ ಒಂದು ಸೀಸೆ ಕೊಟ್ಟಿದ್ದೀನಲ್ಲೇ!" ಎಂದಳು. ತಾನೇ ಸಮಾಧಾನವನ್ನೂ ಮಾಡಿಕೊಂಡಳು: "ಛೆ, ಬಿಡು. ಎಂಟೂವರೆ ಪರ್ಸೆಂಟು ಮೂರು ಗ್ಲಾಸು ಹೊಟ್ಟೆಗೆ ಬಿದ್ದಿದೆ. ಕುಡಿದವರ ಮಾತಿಗೆಲ್ಲಾ ಏನರ್ಥ?"

ಮಾರ್ಲೀನಳ ತೆರೆದ ಬಾಯಿ ತೆರೆದೇ ಇತ್ತು. ಎರಡೂವರೆ ಎಂದರೆ ನೆಲಮಾಳಿಗೆ ಅವಳದು. ಆದರೆ ಎರಡೂವರೆಯಲ್ಲಿ ಆಡಿದ ಮಾತು ಕುಡಿದವನ ಮಾತಾಗುವುದಿಲ್ಲ. ನಾಳೆ ಭಾನುವಾರ, ಚರ್ಚಿನ ಬಾಗಿಲಲ್ಲಿ ಡಾಟಿ, ಅವಳ ಬಾಯಲ್ಲಿ ಗಸಿಯ ಸುದ್ದಿ. ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ.

"ಅಂದ ಹಾಗೆ ಮಾರ್ಲೀನ್," ಕ್ಲೇಟನ್ ಚೀಸು ಅಗಿಯುತ್ತಾ ಕೇಳಿದ, "ಆ ಪಂದ್ಯಕ್ಕೆ ಇವತ್ತೇ ಕೊನೇ ದಿನ ಅಲ್ವಾ? ಇವನಿಗೆ ಹಗುರದ್ದು ಕೊಡಲೇ ಇಲ್ಲ ನೀನು?"

"ಎಲ್ಲಿ ಕೊಡ್ಲಿ?" ಎಂದಳು ಮಾರ್ಲೀನ್. "ಆ ನಾಲಿಗೆಗೆ ಮೋಸ ಮಾಡೋಕಾಗುತ್ತಾ? ನಾನು ಸೋತೆ ಅಂತಿಟ್ಕೊಳ್ಳಿ."

"ಹಾಗೆ ಬಾ ದಾರಿಗೆ!" ರೋಲಂಡ್ ಕಣ್ಣೊರೆಸಿಕೊಂಡು ಗೆದ್ದ ಪೈಲ್ವಾನನಂತೆ ಎದೆಯುಬ್ಬಿಸಿದ. ಆಮೇಲೆ ಸ್ವಲ್ಪ ಅನುಮಾನದಿಂದ ಗ್ಲಾಸಿನ ತಳವನ್ನೇ ನೋಡಿದ. "ಯಾಕೋ ಅಮಲು ಇಳೀತಾ ಬಂತಲ್ಲೇ ಇಷ್ಟು ಬೇಗ. ಇದು ಎಂಟೂವರೆನೇ ತಾನೆ?"

ಮಾರ್ಲೀನ್ ಜಗ್ಗಿನಲ್ಲಿ ಉಳಿದಿದ್ದನ್ನೆಲ್ಲ ಅವನ ಗ್ಲಾಸಿಗೆ ಬಗ್ಗಿಸಿದಳು.

"ಎಂಟೂವರೆನೇ ರೀ. ಒಂಬತ್ತಿದ್ರೂ ಇರಬಹುದು. ಕುಡೀರಿ."