ಶ್ರದ್ಧಾಂಜಲಿಯಲ್ಲಿ ಅಕ್ಷರದೋಷವಿರಲಿಲ್ಲ

ಕಳೆದ ಸೋಮವಾರ ಬೆಳಿಗ್ಗೆ ಚನ್ನಗಿರಿ ಬಸ್ ನಿಲ್ದಾಣದ ಎದುರು ಮಾಜಿ ರಾಷ್ಟ್ರಪತಿಯೊಬ್ಬರ ಪುಣ್ಯಸ್ಮರಣೆಯ ಫ್ಲೆಕ್ಸ್ ಕಟ್ಟಲಾಯಿತು. ಕಟ್ಟಿಸಿದವನು ನನ್ನ ಹೆಂಡತಿಯ ತಮ್ಮ ಶಂಕರ. ಒಕ್ಕಣೆ ತಿದ್ದಿಕೊಟ್ಟವನು ನಾನು. ಪತ್ರಿಕಾ ಕಚೇರಿಯಲ್ಲಿ ಕರಡು ತಿದ್ದಿ ಹಳಬನಾದವನಿಗೆ ಮದುವೆಯ ಕರೆಯೋಲೆಯಲ್ಲೂ ಮೊದಲು ಕಾಣುವುದು ಒತ್ತಕ್ಷರ, ಮದುಮಕ್ಕಳು ಆಮೇಲೆ. ಶಂಕರ ಕಳಿಸಿದ್ದ 'ಶೃದ್ಧಾಂಜಲಿ'ಯನ್ನು 'ಶ್ರದ್ಧಾಂಜಲಿ' ಮಾಡಿ ಒಪ್ಪಿಗೆ ಕೊಟ್ಟೆ. ಚಿತ್ರ ನೋಡಲಿಲ್ಲ. ನಮ್ಮಲ್ಲಿ ಚಿತ್ರ ನೋಡುವುದು ಬೇರೆ ವಿಭಾಗದ ಕೆಲಸ.

ನಮ್ಮ ಕಡೆ ಫ್ಲೆಕ್ಸ್‌ಗೆ ಒಂದು ಕ್ರಮವಿದೆ. ಮಹನೀಯರು ಮೇಲಿನ ಮೂಲೆಯಲ್ಲಿ, ತಟ್ಟೆಯಷ್ಟು. ಕಟ್ಟಿಸಿದವರು ನಡುವೆ, ಆಳೆತ್ತರ, ಕೈಮುಗಿದು. ಹುಟ್ಟುಹಬ್ಬದ ಜಯಂತಿಗಾದರೆ ಇದರಿಂದ ತೊಂದರೆಯಿಲ್ಲ. ಶಂಕರನೂ ಹಾಗೆಯೇ ನಗುತ್ತಾ ನಿಂತಿದ್ದ. ಅವನ ಕಾಲ ಬುಡದಲ್ಲಿ ದಪ್ಪಕ್ಷರದಲ್ಲಿತ್ತು, ನಾನು ತಿದ್ದಿದ 'ಭಾವಪೂರ್ಣ ಶ್ರದ್ಧಾಂಜಲಿ'.

ಯಾರೋ ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಹರಿಯಬಿಟ್ಟರು. ಶಂಕರ ಆಗ ಪುಣ್ಯಸ್ಮರಣೆಯ ಸಭೆಯ ವೇದಿಕೆಯಲ್ಲಿದ್ದ. ರಾಷ್ಟ್ರಪತಿಗಳ ಗೌರವಾರ್ಥ ಫೋನಿನ ಸದ್ದು ನಿಲ್ಲಿಸಿದ್ದ. ಕೆಳಗೆ ಕೂತಿದ್ದ ನನಗೆ ಹೆಂಡತಿಯ ಕರೆ ಬಂತು. ಅವಳು ಜಗಳೂರಿನ ತವರಿಗೆ ಹೋಗಿದ್ದಳು.

"ಅವ್ವನ್ನ ಕಾರಾಗೆ ಕರ್ಕಂಡು ಹೊಂಟೀನಿ ಕಣ್ರೀ. ದಾವಣಗೆರೆ ದಾಟೀವಿ. ಶಂಕ್ರನ ಶ್ರದ್ಧಾಂಜಲಿ ಫೋಟೊ ನೋಡಿದಾಗ್ನಿಂದ ಎದೆ ಹಿಡ್ಕಂಡು ಕುಂತಾಳೆ."

ಅತ್ತೆ ಎದೆನೋವಿಗೆ ಮಾತ್ರೆ ನುಂಗುವವರು. "ಶಂಕ್ರ ಇಲ್ಲೇ ನನ್ನ ಕಣ್ಣೆದುರಿಗೆ ಕುಂತಾನೆ ಕಣೇ!" ಎಂದೆ.

"ಸುಳ್ಳು ಸಮಾಧಾನ ಹೇಳ್ಬ್ಯಾಡ್ರಿ. ಹೊನ್ನಾಳಿ ಚಿಗಪ್ಪ ಫೋನ್ ಮಾಡಿದ್ರು, ನ್ಯಾಮತಿ ಅತ್ತೇರೂ ಮಾಡಿದ್ರು."

ಎರಡು ಕಡೆಯಿಂದ ಖಚಿತವಾದ ಸುದ್ದಿಯನ್ನು ನಾವೂ ಅಚ್ಚಿಗೆ ಕಳಿಸುತ್ತೇವೆ.

"ಅದ್ರ ಮ್ಯಾಲೆ ಫ್ಲೆಕ್ಸ್ ನೀವೇ ನೋಡಿ ಕೊಟ್ಟಿದ್ದಂತೆ. ನಿಮ್ಮ ಕೈಯಾಗೆ ತಪ್ಪು ಬರಾಕೆ ಸಾಧ್ಯ ಐತೇನ್ರೀ?"

ಮದುವೆಯಾದಂದಿನಿಂದ ಅವಳು ನನ್ನ ಕೆಲಸ ಹೊಗಳಿದ್ದು ಅದೇ ಮೊದಲು.

ಮುಖ್ಯ ಭಾಷಣಕಾರರು ರಾಷ್ಟ್ರಪತಿಗಳ ಸರಳತೆಯನ್ನು ವಿವರಿಸುತ್ತಿದ್ದಾಗ ನಾನು ವೇದಿಕೆ ಹತ್ತಿ ಶಂಕರನ ಕೈಗೆ ಫೋನ್ ಕೊಟ್ಟೆ. "ಅವ್ವಾ, ನಾನು ಶಂಕ್ರ! ಬದುಕೀನಿ!" ಎಂದು ಅವನು ಕೂಗಿದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿತು. ಕೆಲವರು ಚಪ್ಪಾಳೆ ತಟ್ಟಿದರು. ಫೋನಿನಲ್ಲಿ ಅತ್ತೆ ಗದರಿದರು: "ಯಾರೋ ನೀನು? ಸತ್ತ ಮಗನ ದನಿ ಮಾಡಾಕೆ ನಾಚ್ಕೆ ಆಗಾಕಿಲ್ವೇನೋ?" ಕರೆ ಕಡಿಯಿತು. ಮತ್ತೆ ಹತ್ತಲಿಲ್ಲ.

ಆಟೊ ಒಂದನ್ನು ಆಸ್ಪತ್ರೆಗೆಂದು ನಿಲ್ಲಿಸಿಕೊಂಡು ನಾವಿಬ್ಬರೂ ಬಸ್ ನಿಲ್ದಾಣದಲ್ಲಿ ಕಾದೆವು. ಬಂದ ಕಾರುಗಳಲ್ಲೆಲ್ಲ ಇಣುಕಿದೆವು. ಕೊನೆಗೆ ಅತ್ತೆ ಇಳಿದರು. ಮೊದಲು ಕಂಡದ್ದು ಫ್ಲೆಕ್ಸ್. ನನ್ನ ಹೆಂಡತಿಯ ಭುಜ ಹಿಡಿದು ಅದರತ್ತ ನಡೆದರು. ಆಗ ಅದರ ಕೆಳಗೆ, ಚಿತ್ರದಲ್ಲಿದ್ದಂತೆಯೇ ಕೈಮುಗಿದು ನಿಂತಿದ್ದ ಮಗ ಕಂಡ. ಹತ್ತಿರ ಹೋಗಿ ಅವನ ಕೆನ್ನೆ ಸವರಿದರು. ಬಿಸಿಯಿದೆಯೆಂದು ಖಾತ್ರಿಯಾದ ಮೇಲೆ ಅದೇ ಕೆನ್ನೆಗೆ ಬಾರಿಸಿದರು.

"ಹಂಗಾರೆ ಹೋದೋರು ಯಾರೋ?"

ಶಂಕರ ಮೂಲೆ ತೋರಿಸಿದ.

"ಅಯ್ಯೋ, ಅಂಥ ದೊಡ್ಡೋರ್ನ ಮೂಲೆಗೆ ತಳ್ಳಿ ನಡುವೆ ನೀನು ನಿಂತೀಯೇನೋ ಕೋಣ? ನಿನ್ನ ಮುಖ ಕೊಯ್ದು ತೆಗಿ ಮೊದ್ಲು!"

ಎಳನೀರಿನವನ ಮಚ್ಚು ಪಡೆದು ಶಂಕರ ತನ್ನನ್ನು ತಾನೇ ಕೊಯ್ದು ತೆಗೆದ. ಅವನ ಹೆಸರೂ ಜೊತೆಗೆ ಹೋಯಿತು.

ಫ್ಲೆಕ್ಸ್ ಇನ್ನೂ ಅಲ್ಲಿದೆ. ಮೂಲೆಯಲ್ಲಿ ರಾಷ್ಟ್ರಪತಿಗಳು, ನಡುವೆ ಆಳೆತ್ತರದ ತೂತು. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ', ಅದರಡಿ, ನಾನು ತಿದ್ದಿಕೊಟ್ಟ ಮೇಲೆ ಶಂಕರ ಗೌರವಕ್ಕೆಂದು ಸೇರಿಸಿದ್ದ ನನ್ನ ಹೆಸರು ಉಳಿದಿವೆ. ನಿನ್ನೆ ಹೊನ್ನಾಳಿಯ ಚಿಗಪ್ಪ ನನ್ನ ಹೆಂಡತಿಗೆ ಫೋನ್ ಮಾಡಿ, ನನಗೆ ಏನಾಗಿತ್ತೆಂದು ವಿಚಾರಿಸಿದರು.