ರಿಂಗೆಟ್ ಕೋಲಿಗೆ ನೆಟ್ ಕಟ್ಟಿದ ಶುಕ್ರವಾರ

ನಾನು ಎಂ.ಎ. ಓದಿದವನು, ಅದೂ ಇತಿಹಾಸದಲ್ಲಿ. ಆಧಾರವಿಲ್ಲದೆ ಯಾವುದನ್ನೂ ನಂಬುವವನಲ್ಲ. ನನ್ನ ಸ್ವಂತ ನೆನಪನ್ನಂತೂ ಅಲ್ಲವೇ ಅಲ್ಲ. ಹಾಗಾಗಿ ಇದು ನಡೆದದ್ದು ತೊಂಬತ್ತೈದರಲ್ಲೋ ತೊಂಬತ್ತಾರರಲ್ಲೋ ಎಂದು ಆಣೆ ಮಾಡಿ ಹೇಳಲಾರೆ. ದೋಹಾದಲ್ಲಿ ನಡೆಯಿತು, ನನ್ನಿಂದಲೇ ನಡೆಯಿತು. ಈ ಎರಡಕ್ಕೆ ಮಾತ್ರ ಸಾಕ್ಷಿಗಳಿದ್ದಾರೆ.

ಹೆಂಡತಿ ಪ್ರಮೀಳಾ ಮತ್ತು ಹತ್ತು ವರ್ಷದ ಮಗಳು ಸ್ಮಿತಾ, ಇಬ್ಬರ ವೀಸಾ ಮುಗಿಯಲು ಮೂರು ವಾರವಿತ್ತು. ಮುಂದುವರಿಯಬೇಕಾದರೆ ನಮ್ಮ ಮ್ಯಾನೇಜರ್ ಡಗ್ಲಸ್ ಸಹಿ ಹಾಕಿದ ಪತ್ರ ಬೇಕು. ಸಹಿ ಆಗದಿದ್ದರೆ ಅವರಿಬ್ಬರು ಊರಿಗೆ, ನಾನು ನಾಲ್ಕು ಜನ ಬ್ಯಾಚುಲರ್‌ಗಳಿರುವ ಕೋಣೆಗೆ. ಡಗ್ಲಸ್ ಕೆನಡಾದವರು, ಮಾತು ಕಡಿಮೆ. ಪತ್ರ ಹಿಡಿದು ಹೋದಾಗ ಅವರ ಮೇಜಿನ ಮೇಲೆ ನೀಲಿ ರಬ್ಬರ್ ರಿಂಗೊಂದು ಕಂಡಿತು.

ಕೈಗೆತ್ತಿಕೊಂಡು ನೋಡಿದೆ. ನಮ್ಮ ಕಡೆ ಹೈಸ್ಕೂಲು ಹುಡುಗಿಯರು ನೆಟ್ ಕಟ್ಟಿ, ಆಚೆಯಿಂದೀಚೆ ಎಸೆದು ಹಿಡಿಯುವ ಅದೇ ರಿಂಗು!

“ಸರ್, ಈ ಆಟ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನ್ನ ಹೆಂಡತಿ ಜಿಲ್ಲಾ ಚಾಂಪಿಯನ್,” ಎಂದೆ.

ಡಗ್ಲಸ್ ಕುರ್ಚಿಯಿಂದ ಎದ್ದೇಬಿಟ್ಟರು. “ಭಾರತದಲ್ಲೂ ರಿಂಗೆಟ್ ಆಡುತ್ತಾರಾ?”

ಅವರ ಕಡೆ ಅದನ್ನು ಹಾಗೆ ಕರೆಯುತ್ತಾರೆ ಎಂದುಕೊಂಡೆ. “ನಿಮಗಿಂತ ಮೊದಲಿನಿಂದ,” ಎಂದೆ. ಇತಿಹಾಸದ ವಿದ್ಯಾರ್ಥಿ ನೋಡಿ!

ಅವರ ಕಾಂಪೌಂಡಿನ, ಅಂದರೆ ವಿದೇಶಿ ಕುಟುಂಬಗಳಿದ್ದ ಗೋಡೆಯೊಳಗಿನ ಬಡಾವಣೆಯ, ಹುಡುಗಿಯರಿಗೆ ಕಲಿಸುವವರು ಇರಲಿಲ್ಲವಂತೆ. ಶುಕ್ರವಾರ ಬೆಳಿಗ್ಗೆ ಚಾಂಪಿಯನ್ ಬರಲಿ, ಪತ್ರದ ವಿಷಯ ಆಮೇಲೆ ನೋಡೋಣ ಎಂದರು.

“ನಾನು ಚಾಂಪಿಯನ್ನಾ? ಯಾವಾಗ ಮಾರಾಯ್ರೆ?” ಎಂದಳು ಪ್ರಮೀಳಾ.

“ಕಪ್ ಹಿಡಿದ ಫೋಟೋ ಉಂಟಲ್ಲ ನಿಮ್ಮ ಮನೆಯಲ್ಲಿ!”

“ಅದು ನನ್ನ ತಂಗಿ. ಹೆಣ್ಣು ನೋಡ್ಲಿಕ್ಕೆ ಬಂದ ದಿನವೂ ನಿಮಗೆ ಇದೇ ಗೊಂದಲ ಇತ್ತು.”

ಈ ಆರೋಪವನ್ನು ಒಪ್ಪಲೂ ಅಲ್ಲಗಳೆಯಲೂ ನನ್ನಲ್ಲಿ ದಾಖಲೆ ಇರಲಿಲ್ಲ. ವೀಸಾ ನೆನಪಿಸಿದೆ. ಅವಳು ಕ್ಯಾನ್ವಾಸ್ ಶೂ ಹುಡುಕಿದಳು. ನಾನು ಕೆಳಗಿನ ಮನೆಯ ಹಮೀದ್ ಸಾಹೇಬರ ಬಳಿ ನೆಟ್ ಕೇಳಿದೆ. ಪುತ್ತೂರಿನವರು, ಕೇಳಿದರೆ ಇಲ್ಲ ಎನ್ನುವವರಲ್ಲ.

“ನೆಟ್ಟು ಉಂಟು ಸಾರ್, ತಕೊಳ್ಳಿ. ಕಂಬ ಮಾತ್ರ ಮಾಫಿ.” ಇಲ್ಲ ಎನ್ನುವುದನ್ನು ಅರಬಿಯಲ್ಲಿ ಹೇಳಿದರು.

ಶುಕ್ರವಾರ ಮೂವರೂ ಹೋಗಿ ನೋಡಿದರೆ ಕಾಂಪೌಂಡಿನ ಅಂಗಳದಲ್ಲಿ ಗೋಡೆಗೆ ಒರಗಿಸಿದ ಎದೆಯೆತ್ತರದ ಕೋಲುಗಳು! ಡಗ್ಲಸ್ ಎಷ್ಟು ಮುಂದಾಲೋಚನೆಯ ಮನುಷ್ಯ! ಎರಡು ಕುರ್ಚಿಗಳಿಗೆ ಎರಡು ಕೋಲು ಬಿಗಿದು, ನೆಟ್ ಎಳೆದು ಕಟ್ಟತೊಡಗಿದೆ. ಹುಡುಗಿಯರು ಸಾಲಾಗಿ ನಿಂತು ನೋಡಿದರು.

“ಪಪ್ಪಾ, ಸ್ಟಿಕ್ಸ್ ಆಡ್ಲಿಕ್ಕೆ ಅಂತೆ. ಎಮಿಲಿ ಹೇಳಿದ್ಳು,” ಎಂದಳು ಸ್ಮಿತಾ. ಎಮಿಲಿ ಡಗ್ಲಸ್‌ರ ಮಗಳು.

“ಎಮಿಲಿ ಚಿಕ್ಕವಳು,” ಎಂದು ಗಂಟು ಬಿಗಿ ಮಾಡಿದೆ.

ಡಗ್ಲಸ್ ಬಂದರು. ನೆಟ್ಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಅವರಿಂದ ಕೇಳಿದ ಅತಿ ದೀರ್ಘ ಭಾಷಣ ಮಾಡಿದರು. ಕೆನಡಾದಲ್ಲಿ ಐಸ್ ಹಾಕಿಯನ್ನು ಹುಡುಗರೇ ಆವರಿಸಿಕೊಂಡಿದ್ದರು. ಅರವತ್ತರ ದಶಕದಲ್ಲಿ ಹುಡುಗಿಯರಿಗೂ ಮಂಜುಗಡ್ಡೆಯ ಮೇಲೊಂದು ಆಟ ಬೇಕೆಂದು ರಿಂಗೆಟ್ ಹುಟ್ಟಿತು. ಹಾಕಿ ಕೋಲಿನ ತುದಿಯ ಬಾಗು ತೆಗೆದರು. ಚಪ್ಪಟೆ ಬಿಲ್ಲೆಯ ಬದಲು ರಿಂಗು ತಂದರು. ಕೋಲಿನ ತುದಿಯನ್ನು ಅದರೊಳಗಿಟ್ಟು ಓಡಬೇಕು. ಅಡ್ಡಗೆರೆ ಬಂದರೆ ಇನ್ನೊಬ್ಬಳಿಗೆ ದಾಟಿಸಬೇಕು. ಹಾಕಿಯ ಹಾಗೆ ಮೈಮೇಲೆ ಬೀಳುವುದು ಕಟ್ಟುನಿಟ್ಟಾಗಿ ನಿಷಿದ್ಧ. ದೋಹಾದಲ್ಲಿ ಮಂಜುಗಡ್ಡೆ ಎಲ್ಲಿಂದ ತರುವುದು? ಅದಕ್ಕೇ ಇಲ್ಲಿ ಅಂಗಳದಲ್ಲಿ ಗೆರೆ ಎಳೆದು, ಗೋಲು ಇಟ್ಟು, ಶೂ ಹಾಕಿ ಆಡುತ್ತಾರೆ.

ಪತ್ರ ಕೈತಪ್ಪಿ ಹೋಗುತ್ತಿತ್ತು. “ಹಾಗಾದರೆ ಹಾಕಿಯೇ ಆಯಿತಲ್ಲ ಸರ್! ನಾನು ಕಾಲೇಜು ತಂಡದಲ್ಲಿದ್ದೆ.” ಇದ್ದದ್ದು ನಿಜ. ಆಡುತ್ತಿದ್ದೆನೋ ನೀರು ಕೊಡುತ್ತಿದ್ದೆನೋ ಖಚಿತವಿಲ್ಲ.

ಒಂದು ಕೋಲು ಹಿಡಿದು, ಎಮಿಲಿ ನೆಲದ ಮೇಲೆ ಜಾರಿಸಿದ ರಿಂಗಿಗೆ ಬೀಸಿ ಹೊಡೆದೆ. ಕೋಲಿನ ತುದಿಯಲ್ಲಿ ಬಾಗಿಲ್ಲ; ರಿಂಗು ಪಕ್ಕದಿಂದ ಹೋಯಿತು. ನಾನು ಹೊಡೆತದ ಜತೆಗೇ ಸುತ್ತಿ, ನಾನೇ ಕಟ್ಟಿದ ನೆಟ್ಟಿಗೆ ಹೊಕ್ಕು, ಎರಡೂ ಕುರ್ಚಿಗಳನ್ನು ಎಳೆದುಕೊಂಡು ಡಗ್ಲಸ್‌ರ ಮೇಲೆ ಬಿದ್ದೆ. ಕಟ್ಟುನಿಟ್ಟಾಗಿ ನಿಷಿದ್ಧವೆಂದು ಅವರು ಹೇಳಿದ್ದು ಒಂದೇ. ಅದನ್ನೇ ಮಾಡಿದೆ!

ಅಷ್ಟರಲ್ಲಿ ಪ್ರಮೀಳಾ ದುಪಟ್ಟಾ ಸೊಂಟಕ್ಕೆ ಬಿಗಿದು, ಜಾರಿ ಹೋಗುತ್ತಿದ್ದ ರಿಂಗಿನೊಳಗೆ ಕೋಲು ಇಟ್ಟು, ಗೆರೆಯವರೆಗೆ ಓಡಿ ಸ್ಮಿತಾಳಿಗೆ ದಾಟಿಸಿದಳು. ಸ್ಮಿತಾ ಗೋಲು ಹಾಕಿದಳು. ಹುಡುಗಿಯರು ಕೂಗಿದ ಕೂಗಿಗೆ ಕಾವಲುಗಾರ ಓಡಿ ಬಂದ. ನನ್ನ ಕೆಳಗಿನಿಂದ ಡಗ್ಲಸ್ ಕೂಡ ಚಪ್ಪಾಳೆ ತಟ್ಟಿದರು.

“ಪ್ರಮೀಳಾ, ಇದನ್ನು ಬಿಡಿಸು ಮಾರಾಯ್ತಿ,” ಎಂದೆ ನೆಟ್ಟಿನೊಳಗಿನಿಂದ.

“ಹಾಗೇ ಇರಿ. ಈ ಆಟ ಮುಗಿಯಲಿ.”

ಶನಿವಾರ ಪತ್ರ ಬಂತು, ಸಹಿ ಸಮೇತ. ಡಗ್ಲಸ್ ಅದನ್ನು ಹೊಸದಾಗಿ ಬರೆಸಿದ್ದರು: ಶ್ರೀಮತಿ ಪ್ರಮೀಳಾ ಮತ್ತು ಕುಮಾರಿ ಸ್ಮಿತಾ ದೋಹಾದಲ್ಲಿ ಮುಂದುವರಿಯುವುದು ಅತ್ಯಗತ್ಯ. ನನ್ನ ಬಗ್ಗೆಯೂ ಕೊನೆಗೆ ಒಂದು ಸಾಲಿತ್ತು. ನಾನು ಅವರ ಜೊತೆಗಿರಲು ಕಂಪನಿಯ ಆಕ್ಷೇಪವಿಲ್ಲವಂತೆ.